ತಿಪ್ಪೆ ಓದಿದವಳ ಕಾಗದ

ಬರ್ವಿಂಡ್ ಕಣಿವೆಯ ಅಕ್ಕನಿಗೆ,

ನಮ್ಮ ಕಡೆ ಕಾಗದ ಬರೆಯಲು ಕೂತರೆ ‘ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು’ ಎಂದು ಶುರು ಮಾಡುವುದು ರೂಢಿ. ನೀನು ಮಣ್ಣಾಗಿ ಎಷ್ಟೋ ಕಾಲವಾಯಿತು, ನಿನಗೆ ಆ ಸಾಲು ಹೇಗೆ ಬರೆಯಲಿ? ನನ್ನ ಹತ್ತಿರ ನಿನ್ನ ಹೆಸರಿಲ್ಲ, ಫೋಟೊ ಇಲ್ಲ. ಇರುವುದು ನಿನ್ನ ಮನೆಯ ತಿಪ್ಪೆಯ ಲೆಕ್ಕ. ಮೊದಲು ‘ನೀವು’ ಎಂದೇ ಬರೆದೆ, ಮೂರನೆಯ ಸಾಲಿಗೆ ಹೊಡೆದುಹಾಕಿದೆ. ಒಬ್ಬಳ ಒಡೆದ ಬಟ್ಟಲು, ತಳ ಸುಟ್ಟ ಪಾತ್ರೆ, ತಿಂದು ಎಸೆದ ಮೂಳೆ ಎಲ್ಲದರ ಸಮಾಚಾರ ಓದಿಯಾದ ಮೇಲೆ ಬಹುವಚನ ಹಚ್ಚಿದರೆ ನಾಟಕವಾಗುತ್ತದೆ. ಸಲಿಗೆ ತಪ್ಪಾದರೆ ಕ್ಷಮಿಸು.

ನೀನು ಒಬ್ಬಳಲ್ಲ ಎಂಬುದು ನನಗೂ ಗೊತ್ತು. ಅಮೆರಿಕದ ಕೊಲೊರಾಡೊ ರಾಜ್ಯದ ದಕ್ಷಿಣದಲ್ಲಿ, ಟ್ರಿನಿಡಾಡ್ ಪೇಟೆಯ ಉತ್ತರಕ್ಕಿರುವ ಗುಡ್ಡಗಳ ಸಂದಿನಲ್ಲಿ, ಕೊಲೊರಾಡೊ ಫ್ಯುಯಲ್ ಆ್ಯಂಡ್ ಐರನ್ ಕಂಪನಿ ಕಟ್ಟಿಸಿದ ಮನೆಗಳಲ್ಲಿ ಒಲೆ ಹೊತ್ತಿಸಿದ ಎಲ್ಲ ಹೆಂಗಸರನ್ನೂ ಸೇರಿಸಿ ‘ಅಕ್ಕ’ ಎನ್ನುತ್ತಿದ್ದೇನೆ. ಇಟಲಿಯಿಂದ ಬಂದವಳು, ಮೆಕ್ಸಿಕೊದವಳು, ಸ್ಲಾವ್ ನಾಡಿನವಳು, ವೇಲ್ಸ್‌ನವಳು. ನಿಮ್ಮ ಗಂಡಂದಿರು ಅಗೆದ ಕಲ್ಲಿದ್ದಲು ಕೋಕ್ ಆಗಿ ಪ್ಯೂಬ್ಲೋದ ಉಕ್ಕಿನ ಕುಲುಮೆಗೆ ಹೋಗುತ್ತಿತ್ತು. ಮನೆ ಕಂಪನಿಯದು, ಅಂಗಡಿ ಕಂಪನಿಯದು, ಡಾಕ್ಟರು ಕಂಪನಿಯವನು. ಕೂಲಿಯ ಒಂದಷ್ಟು ಭಾಗ ಕಂಪನಿ ಅಂಗಡಿಯಲ್ಲಿ ಮಾತ್ರ ನಡೆಯುವ ಚೀಟಿಯ ರೂಪದಲ್ಲಿ ಬಂದು, ಸಂಜೆಯೊಳಗೆ ಅದೇ ಗಲ್ಲೆಗೆ ವಾಪಸಾಗುತ್ತಿತ್ತು.

ಪುರಾತತ್ವ ಎಂದರೆ ನಮಗೆ ಹಂಪಿ, ಐಹೊಳೆ, ಶಾಸನ, ತಾಮ್ರಪಟ. ಅಜ್ಜನ ಕಾಲದ ತಗಡಿನ ಡಬ್ಬಿಗಾಗಿ ಯಾರಾದರೂ ಕರಣೆ, ಕುಂಚ, ಜರಡಿ ಹಿಡಿದು ಬಿಸಿಲಲ್ಲಿ ಕೂರುತ್ತಾರೆಯೆ? ಕೂತರು. 1997ರಲ್ಲಿ ಶುರುವಾಗಿ ಹಲವು ಬೇಸಿಗೆ ರಾಂಡಲ್ ಮ್ಯಾಗ್ವೈರ್, ಡೀನ್ ಸೈಟಾ, ಫಿಲಿಪ್ ಡ್ಯೂಕ್ ಎಂಬ ಮೂವರು ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು, 1913ರ ಮುಷ್ಕರದಲ್ಲಿ ಗಣಿಗಾರರು ಡೇರೆ ಹಾಕಿದ್ದ ಲಡ್ಲೋ ಬಯಲನ್ನೂ ನಿನ್ನ ಬರ್ವಿಂಡ್ ಕಣಿವೆಯನ್ನೂ ಅಗೆದರು. ಅವರ ಜೊತೆಗಿದ್ದ ಮಾರ್ಗರೆಟ್ ವುಡ್ ಎಂಬ ಸಂಶೋಧಕಿ ನಿನ್ನ ಹಿತ್ತಲಿಗೇ ಬಂದು ಕೂತಳು. ಗಂಡಸರು ಬಂದೂಕು ಹಿಡಿದ ಜಾಗ ಬೇಕಾದಷ್ಟಿತ್ತು. ಆಕೆಗೆ ಬೇಕಾದದ್ದು ನೀನು ಕಸ ಚೆಲ್ಲಿದ ಜಾಗ.

ನೀನು ಎಸೆದ ಡಬ್ಬಿಗಳು ತಮ್ಮ ವಯಸ್ಸನ್ನು ತಾವೇ ಹೇಳುತ್ತವೆ, ಅಕ್ಕ. ಹಳೆಯ ಕಾಲದ ಡಬ್ಬಿಯ ತಲೆಯ ನಡುವೆ ಒಂದು ತೂತು ಇರುತ್ತಿತ್ತು. ಅದರೊಳಗಿಂದ ಪದಾರ್ಥ ತುಂಬಿ, ಮೇಲೊಂದು ತಗಡಿನ ಬಿಲ್ಲೆ ಇಟ್ಟು ಸುತ್ತಲೂ ಬೆಸುಗೆ ಹಾಕುತ್ತಿದ್ದರು. 1904ರ ಸುಮಾರಿಗೆ ಬಂದ ಹೊಸ ಡಬ್ಬಿಗೆ ಈ ಬಿಲ್ಲೆ ಇಲ್ಲ. ಅಂಚನ್ನೇ ಮಡಿಚಿ ಒತ್ತಿ ಮುಚ್ಚಿದ್ದು. ತುಕ್ಕು ತಿಂದು ಮುಟ್ಟಿದರೆ ಉದುರುವ ತಗಡಿನಲ್ಲೂ ಆ ಮಡಿಕೆ, ಆ ಬೆಸುಗೆಯ ಬಳೆ ಉಳಿದಿರುತ್ತದೆ. ಹಾಗೆ ಎಣಿಸಿ, ಬೇರ್ಪಡಿಸಿ ನೋಡಿದಾಗ ಒಂದು ಸಂಗತಿ ಕಂಡಿತು. 1913ರ ಮುಷ್ಕರಕ್ಕಿಂತ ಹಿಂದಿನ ಕಸದಲ್ಲಿ ಡಬ್ಬಿಗಳೋ ಡಬ್ಬಿಗಳು. ಜೊತೆಗೆ ದೊಡ್ಡ ದೊಡ್ಡ ಅಡುಗೆ ಪಾತ್ರೆಗಳು, ಬಡಿಸುವ ಅಗಲ ಬೋಗುಣಿಗಳು. ಗಂಡ ಹೆಂಡತಿ ನಾಲ್ಕು ಮಕ್ಕಳ ಮನೆಗೆ ಅಷ್ಟು ದೊಡ್ಡ ಪಾತ್ರೆ ಏಕೆ?

ನನಗೆ ಉತ್ತರ ತಕ್ಷಣ ಹೊಳೆಯಿತು. ಅದು ನನ್ನ ಜಾಣತನವಲ್ಲ, ನಾನು ಧಾರವಾಡದ ಖಾನಾವಳಿಯೊಂದರಲ್ಲಿ ಬೆಳೆದವಳು. ನಮ್ಮಜ್ಜಿ ಮುಂಜಾನೆ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಯಾರು ಎಷ್ಟು ಹೊತ್ತು ಉಂಡರು ಎಂಬುದನ್ನು ಒಲೆಯ ಪಕ್ಕದ ಗೋಡೆಗೆ ಇದ್ದಿಲಿನಲ್ಲಿ ಗೆರೆ ಎಳೆದು ಇಡುತ್ತಿದ್ದಳು. ಅಕ್ಷರ ಬಾರದವಳ ಖಾತೆ ಪುಸ್ತಕ ಅದು. ನಿನ್ನದೂ ಖಾನಾವಳಿಯೇ. ಊರು, ಹೆಂಡತಿ, ಮಕ್ಕಳನ್ನು ಸಮುದ್ರದಾಚೆ ಬಿಟ್ಟು ಬಂದ ಒಂಟಿ ಗಂಡಸರಿಗೆ ನಿನ್ನ ಮನೆಯಲ್ಲೇ ಊಟ, ಅಲ್ಲೇ ಹಾಸಿಗೆ. ಒಬ್ಬ ಗಣಿಗಾರನ ಕೂಲಿಯಲ್ಲಿ ಸಂಸಾರ ನಡೆಯುತ್ತಿರಲಿಲ್ಲ, ಹಾಗಾಗಿ ಬೇರೆಯವರ ಹೊಟ್ಟೆ ತುಂಬಿಸಿ ನಿನ್ನ ಮಕ್ಕಳ ಹೊಟ್ಟೆ ತುಂಬಿಸುತ್ತಿದ್ದೆ. ಡಬ್ಬಿಯ ತರಕಾರಿ ಸುರಿದು, ನೀರು ಹೆಚ್ಚಿಸಿ, ಸೂಪು ಕುದಿಸಿದರೆ ಹತ್ತು ಮಂದಿ ಬಂದರೂ ಸರಿ, ಹನ್ನೆರಡು ಬಂದರೂ ಸರಿ. ನಮ್ಮಜ್ಜಿಯ ಸಾರಿನ ಗುಟ್ಟೂ ಇದೇ.

ಡಬ್ಬಿ ಬಿಚ್ಚಿ ಅಡುಗೆ ಮಾಡುವವಳನ್ನು ಸೋಮಾರಿ ಎನ್ನುವವರು ನಿನ್ನ ಕಾಲದಲ್ಲೂ ಇದ್ದಿರಬೇಕು, ನಮ್ಮ ಕಾಲದಲ್ಲಂತೂ ಇದ್ದಾರೆ. ಹನ್ನೆರಡು ಗಂಡಸರ ಕರಿ ಹಿಡಿದ ಬಟ್ಟೆ ಒಗೆದು, ಅವರ ಮೈತೊಳೆಯಲು ನೀರು ಕಾಯಿಸಿ, ಹೊತ್ತಿಗೆ ಸರಿಯಾಗಿ ಬಡಿಸಬೇಕಾದವಳಿಗೆ ಅವರೆಕಾಳು ಬಿಡಿಸುತ್ತ ಕೂರಲು ಪುರುಸೊತ್ತೆಲ್ಲಿ?

ಈಗ ನಾನು ಕಾಗದ ಬರೆಯಲು ಕೂತ ಕಾರಣ ಹೇಳುತ್ತೇನೆ.

1913ರ ಸೆಪ್ಟೆಂಬರ್ 23ರಂದು ನಿಮ್ಮವರು ಮುಷ್ಕರ ಹೂಡಿದಾಗ ಗಣಿ ಕಾರ್ಮಿಕರ ಯೂನಿಯನ್ನು ಏಳು ಬೇಡಿಕೆ ಇಟ್ಟಿತ್ತು. ಯೂನಿಯನ್ನಿಗೆ ಮಾನ್ಯತೆ, ಕೂಲಿಯಲ್ಲಿ ಶೇಕಡಾ 10ರಷ್ಟು ಏರಿಕೆ, ಎಂಟು ಗಂಟೆಯ ದಿನ, ತೂಕ ನೋಡಲು ತಮ್ಮವನೇ ಒಬ್ಬ ಆಳು, ಹೀಗೆ. ಅದರಲ್ಲೊಂದು ‘ಡೆಡ್ ವರ್ಕ್’ಗೆ ಕೂಲಿ. ಕೂಲಿ ಸಿಗುತ್ತಿದ್ದದ್ದು ಮೇಲಕ್ಕೆ ಬಂದ ಕಲ್ಲಿದ್ದಲಿನ ಟನ್ ಲೆಕ್ಕದಲ್ಲಿ ಮಾತ್ರ. ಹಳಿ ಹಾಸುವುದು, ಸುರಂಗದ ಮಾಡಿಗೆ ಮರದ ಆನಿಕೆ ಕೊಡುವುದು, ಕುಸಿದ ಬಂಡೆ ಎತ್ತಿಹಾಕುವುದು ಯಾವುದೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ನಮ್ಮ ಮಾತಿನಲ್ಲಿ ಬಿಟ್ಟಿ ಕೆಲಸ. ಬಿಟ್ಟಿ ಎಂದ ಮೇಲೆ ಆನಿಕೆ ಕೊಡುವುದನ್ನು ಮನುಷ್ಯ ಅವಸರದಲ್ಲಿ ಮುಗಿಸುತ್ತಾನೆ, ಮಾಡು ತಲೆಯ ಮೇಲೆ ಬೀಳುತ್ತದೆ. 1884ರಿಂದ 1912ರವರೆಗೆ ಕೊಲೊರಾಡೊದ ಗಣಿಗಳಲ್ಲಿ 1,700ಕ್ಕೂ ಹೆಚ್ಚು ಜನ ಸತ್ತರು. ಹಾಗಾಗಿ ಆ ಬೇಡಿಕೆ ನ್ಯಾಯವಾದದ್ದೇ, ನನ್ನ ತಕರಾರಿಲ್ಲ.

ಆದರೆ ಅಕ್ಕ, ನಿನ್ನ ಇಡೀ ದಿನ ಡೆಡ್ ವರ್ಕ್ ಆಗಿತ್ತಲ್ಲ? ಕಂಪನಿ ಕೂಲಿ ಕಮ್ಮಿ ಕೊಟ್ಟೂ ಗಣಿ ನಡೆಸುತ್ತಿತ್ತೆಂದರೆ ಆ ಕಮ್ಮಿಯನ್ನು ತುಂಬುತ್ತಿದ್ದದ್ದು ನಿನ್ನ ಸೂಪಿನ ಪಾತ್ರೆ. ಒಂಟಿ ಗಂಡಸರನ್ನು ಮರುದಿನದ ಪಾಳಿಗೆ ಸಿದ್ಧಮಾಡಿ ಕಳಿಸುತ್ತಿದ್ದದ್ದು ನಿನ್ನ ಹಾಸಿಗೆ. ಸುರಂಗಕ್ಕೆ ಮರ ಆನಿಕೆ, ಮರ ಹಿಡಿದವನಿಗೆ ನೀನು ಆನಿಕೆ. ಏಳು ಬೇಡಿಕೆಗಳನ್ನು ಮತ್ತೆ ಮತ್ತೆ ಓದಿದೆ. ಯಾವ ಅಂಗಡಿಯಲ್ಲಾದರೂ ಕೊಳ್ಳುವ, ಎಲ್ಲಿ ಬೇಕಾದರೂ ಉಂಡು ಮಲಗುವ, ಯಾವ ಡಾಕ್ಟರನ್ನಾದರೂ ನೋಡುವ ಹಕ್ಕು ಎಂಬ ಬೇಡಿಕೆ ನಿನ್ನ ಹೊಸ್ತಿಲವರೆಗೆ ಬಂದು ನಿಲ್ಲುತ್ತದೆ. ಒಳಗೆ ಬರುವುದಿಲ್ಲ. ಮುಷ್ಕರದ ವಾರದ ಭತ್ಯೆ ಗಂಡಸಿಗೆ 3 ಡಾಲರು, ಹೆಂಡತಿಗೆ 1 ಡಾಲರು, ಮಗುವಿಗೆ 50 ಸೆಂಟು. ಹೋರಾಟದ ತಕ್ಕಡಿಯಲ್ಲೂ ನಿನ್ನ ತೂಕ ಮೂರನೆಯ ಒಂದು ಪಾಲು. ಅದು ಊಟದ ಅಳತೆ, ಬೆಲೆಯ ಅಳತೆಯಲ್ಲ ಎಂದು ಯೂನಿಯನ್ನಿನವರು ಹೇಳಬಹುದು. ಇರಲಿ.

ಮನೆ ಕಂಪನಿಯದಾದ್ದರಿಂದ ಮುಷ್ಕರದ ದಿನವೇ ಮನೆ ಬಿಡಬೇಕಾಯಿತು. ಮಳೆ, ಹಿಮ, ಕೆಸರು. ಗಾಡಿಯ ಮೇಲೆ ಮಂಚ, ಒಲೆ, ಮಕ್ಕಳು. ಕಣಿವೆಯ ಬಾಯಲ್ಲಿ, ಲಡ್ಲೋ ರೈಲು ನಿಲ್ದಾಣದ ಹತ್ತಿರ, ಯೂನಿಯನ್ನು ಬಾಡಿಗೆಗೆ ಹಿಡಿದ ಬಯಲಿನಲ್ಲಿ ಸುಮಾರು 200 ಡೇರೆ, 1,200 ಜನ. ಗಣಿಗೆ ಹೊಸ ಆಳು ತರುವ ರೈಲು ಅಲ್ಲಿಂದಲೇ ಹೋಗಬೇಕು, ಆದ್ದರಿಂದ ಅದೇ ಜಾಗ.

ನಿನ್ನ ಡೇರೆ ಹೇಗೆ ಸಿಕ್ಕಿತು ಗೊತ್ತೆ? ಬಟ್ಟೆ ಸುಟ್ಟಿತ್ತು, ಹಲಗೆ ಸುಟ್ಟಿತ್ತು. ಮೊಳೆ ಸುಡಲಿಲ್ಲ. ಡೇರೆಯ ಕೆಳಗೆ ಮರದ ಅಡ್ಡಪಟ್ಟಿಗಳ ಮೇಲೆ ಹಲಗೆ ಹಾಸಿ ಮೊಳೆ ಹೊಡೆದಿದ್ದಿರಿ. ಮರ ಹೋದ ಮೇಲೆ ಮೊಳೆಗಳು ಇದ್ದಲ್ಲೇ ಮಣ್ಣಿಗೆ ಬಿದ್ದು ಸಾಲಾಗಿ ಉಳಿದವು. ಕರಣೆಯಲ್ಲಿ ಬೆರಳುದ್ದ ಮಣ್ಣು ಕೆರೆದರೆ ಒಂದು ಸಾಲು, ಅದರಾಚೆ ಇನ್ನೊಂದು ಸಾಲು. ಹಂಪಿಯ ಅರಮನೆಯ ಬುಡ ಗುರುತಿಸುವ ಹಾಗೆ ತುಕ್ಕಿನ ಚುಕ್ಕೆಯಿಂದ ಮನೆಯೊಂದರ ನೆಲ ಬರೆದುಕೊಂಡರು. ಸುತ್ತ ಮಳೆನೀರು ಹರಿದುಹೋಗಲು ತೋಡಿದ ಗೇಣಗಲದ ಕಾಲುವೆಯ ಗುರುತು. ಒಂದು ಡೇರೆಯ ಮಣ್ಣಿನಲ್ಲಿ ಕ್ಯಾಥೊಲಿಕರು ಕೊರಳಿಗೆ ಹಾಕಿಕೊಳ್ಳುವ ಸಣ್ಣ ಪದಕಗಳು ಸಿಕ್ಕವು. ಇಟಲಿಯವರ ಮನೆ ಇರಬೇಕು ಎಂದು ಊಹಿಸಿದರು. ಆ ಬಯಲಿನ ಜನರನ್ನು ‘ವಿದೇಶಿ ಗುಂಪು’ ಎಂದು ಕರೆದ ಪತ್ರಿಕೆಗಳು ಕಪಾಟಿನಲ್ಲಿ ಕೂತಿವೆ. ಕೊರಳ ಪದಕ ಮಣ್ಣಲ್ಲಿತ್ತು.

ಆ ಚಳಿಗಾಲ ಸೊಂಟದುದ್ದ ಹಿಮ ಬಿದ್ದಿತು. ಡಿಸೆಂಬರಿನ ಆ ಬಿರುಗಾಳಿಯಲ್ಲಿ ಡೇರೆಗಳ ಬಟ್ಟೆ ಹಿಮದ ಭಾರಕ್ಕೆ ಜಗ್ಗಿತು. ಯೂನಿಯನ್ನು ತರಿಸಿಕೊಟ್ಟ ಡಬ್ಬಿ ಆಹಾರವೇ ಆಧಾರ. ಒಂದು ನಗುವ ಸಂಗತಿಯೂ ಇದೆ, ಅದನ್ನು ಬಿಡಲಾರೆ. 1914ರ ಜನವರಿಯಲ್ಲಿ, ಎಂಬತ್ತರ ಆಸುಪಾಸಿನವಳೆಂದು ಹೇಳಿಕೊಳ್ಳುತ್ತಿದ್ದ ಕಾರ್ಮಿಕ ನಾಯಕಿ ಮದರ್ ಜೋನ್ಸ್‌ಳನ್ನು ಹಿಡಿದಿಟ್ಟದ್ದಕ್ಕೆ ನೀವು ಹೆಂಗಸರು ಟ್ರಿನಿಡಾಡಿನ ಬೀದಿಯಲ್ಲಿ ಮೆರವಣಿಗೆ ಹೊರಟಿರಿ. ರಾಜ್ಯದ ದಂಡಿನ ಮುಖ್ಯಸ್ಥ ಜನರಲ್ ಚೇಸ್ ಕುದುರೆಯೇರಿ ತಡೆಯಲು ಬಂದವನು ಧೊಪ್ಪೆಂದು ಕೆಳಗೆ ಬಿದ್ದ. ನೀವೆಲ್ಲ ನಕ್ಕಿರಿ. ಆ ನಗುವಿಗೆ ಸಿಟ್ಟಾಗಿ ಆತ ಹೆಂಗಸರ ಮೇಲೆ ಕುದುರೆ ನುಗ್ಗಿಸಲು ಹೇಳಿದ. ಬಿದ್ದವನನ್ನು ನೋಡಿ ನಗಬಾರದು ಎಂದು ನಮ್ಮಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ, ಆದರೂ ಆ ಬೀದಿಯಲ್ಲಿ ನಾನಿದ್ದಿದ್ದರೆ ನಗದೆ ಇರುತ್ತಿರಲಿಲ್ಲ.

ಇನ್ನು ಗುಂಡಿಯ ಮಾತು. ಡೇರೆಯ ಹಲಗೆಯ ಕೆಳಗೆ ನೆಲ ತೋಡಿಕೊಂಡಿದ್ದಿರಿ. ಸಾಮಾನು ಇಡಲು, ತಂಪಿಗೆ, ಆಮೇಲೆ ಗುಂಡು ಹಾರತೊಡಗಿದಾಗ ಮಕ್ಕಳನ್ನು ಅಡಗಿಸಲು. ನಮ್ಮ ಜೋಳದ ಸೀಮೆಯಲ್ಲಿ ಇದಕ್ಕೆ ಹಗೇವು ಎನ್ನುತ್ತೇವೆ, ಕಾಳು ತುಂಬಿಡುವ ನೆಲದ ಕಣಜ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇಳಿದವನು ಕೂಗಲೂ ಆಗದೆ ಕುಸಿದ ಕಥೆಗಳನ್ನು ಕೇಳಿಯೇ ನಾವು ದೊಡ್ಡವರಾದದ್ದು. ಆದ್ದರಿಂದ 1914ರ ಏಪ್ರಿಲ್ 20ರ ಬಗ್ಗೆ ಓದಿದಾಗ ನನ್ನ ಕಣ್ಣು ಮಷಿನ್ ಗನ್ನಿನ ಮೇಲೆ ನಿಲ್ಲಲಿಲ್ಲ, ಆ ಗುಂಡಿಯ ಮೇಲೇ ನಿಂತಿತು.

ಹಿಂದಿನ ದಿನ ಗ್ರೀಕರ ಈಸ್ಟರ್. ಊಟ, ಬೇಸ್‌ಬಾಲ್ ಆಟ. ಬೆಳಗಾದರೆ ಗುಡ್ಡದ ಮೇಲಿಂದ ದಂಡಿನವರ ಗುಂಡು. ನಡುವೆ ಒಂದು ಗೂಡ್ಸ್ ರೈಲು ಬಂದು ಗುಂಡು ಹಾರಿಸುವವರಿಗೂ ಡೇರೆಗಳಿಗೂ ಮಧ್ಯೆ ನಿಂತದ್ದರಿಂದ ಎಷ್ಟೋ ಜನ ಗುಡ್ಡಗಳ ಕಡೆಗೆ ಓಡಿ ಉಳಿದರು. ಕ್ರೀಟ್ ದ್ವೀಪದಿಂದ ಬಂದ ಮುಂದಾಳು ಲೂಯಿ ಟಿಕಾಸ್‌ನನ್ನು ಹಿಡಿದು ಕೊಂದರು. ಸಂಜೆಗೆ ಡೇರೆಗಳಿಗೆ ಬೆಂಕಿ. ಒಂದು ಡೇರೆಯ ಕೆಳಗಿನ ಗುಂಡಿಯಲ್ಲಿ ನಾಲ್ವರು ಹೆಂಗಸರು, ಹನ್ನೊಂದು ಮಕ್ಕಳು. ಮೇಲೆ ಉರಿದ ಬೆಂಕಿ ಒಳಗಿನ ಉಸಿರನ್ನೆಲ್ಲ ಕುಡಿಯಿತು. ಕೋಸ್ಟಾ, ವಾಲ್ಡೆಸ್ ಮನೆಯ ಇಬ್ಬರು ಹೆಂಗಸರು ಮತ್ತು ಹನ್ನೊಂದೂ ಮಕ್ಕಳು ಅಲ್ಲೇ ಹೋದರು. ಮೇರಿ ಪೆಟ್ರೂಚಿ ಎದ್ದು ಹೊರಬಂದಳು. ಅವಳ ಮೂರು ಮಕ್ಕಳು ಬರಲಿಲ್ಲ. ಇದನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಆ ದಿನದ ಬಗ್ಗೆ ಬಹಳ ಜನ ಬರೆದಿದ್ದಾರೆ. ನೀವು ಸತ್ತ ದಿನ ಜಗತ್ತಿಗೆ ಗೊತ್ತು, ಬದುಕಿದ ದಿನಗಳಿಗೆ ತಿಪ್ಪೆಯೊಂದೇ ಸಾಕ್ಷಿ.

ಟ್ರಿನಿಡಾಡಿನ ಫೋಟೊಗ್ರಾಫರ್ ಲೂ ಡೋಲ್ಡ್ ತೆಗೆದ ಚಿತ್ರಗಳಿವೆ. ಬೂದಿಯ ಬಯಲಿನಲ್ಲಿ ಕಬ್ಬಿಣದ ಮಂಚ, ಒಲೆ ನೆಟ್ಟಗೆ ನಿಂತಿವೆ. ಸುತ್ತ ಗೋಡೆಯಿಲ್ಲದೆ ಒಲೆ ಮಾತ್ರ ನಿಂತಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಮುಷ್ಕರ ಡಿಸೆಂಬರಿನಲ್ಲಿ ಮುಗಿಯಿತು. ಯೂನಿಯನ್ನಿಗೆ ಮಾನ್ಯತೆ ಸಿಗಲಿಲ್ಲ. 1915ರ ಸೆಪ್ಟೆಂಬರಿನಲ್ಲಿ ಒಡೆಯ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಖುದ್ದು ನಿಮ್ಮ ಕಡೆಗೆ ಬಂದು, ಗಣಿಗಾರರ ಮನೆಗಳಿಗೆ ಹೋಗಿ, ಸಂಜೆ ಅವರ ಹೆಂಡಂದಿರ ಜೊತೆ ಕುಣಿದ. ನೀನೂ ಕುಣಿದೆಯಾ? ಕುಣಿದಿದ್ದರೆ ತಪ್ಪೇನಿಲ್ಲ, ದಿನವಿಡೀ ನಿಂತ ಕಾಲಿಗೆ ಕುಣಿತವೂ ಒಂದು ವಿಶ್ರಾಂತಿಯೇ. ಅವನ ಹೊಸ ಯೋಜನೆಯಲ್ಲಿ ಮನೆಗಳು ಸುಧಾರಿಸಿದವು, ಮನರಂಜನೆಗೆ ಭವನಗಳು ಬಂದವು. ಹೊರಗಿನ ಗಂಡಸರನ್ನು ಮನೆಯಲ್ಲಿಟ್ಟುಕೊಳ್ಳುವುದು ಮಾತ್ರ ಕಂಪನಿಗೆ ಹಿಡಿಸಲಿಲ್ಲ. ಬೇಡವೆನ್ನತೊಡಗಿದರು. ಖಾನಾವಳಿ ಮುಚ್ಚಿತು. ಕೂಲಿ ಹಾಗೇ ಕಮ್ಮಿಯಾಗೇ ಇತ್ತು.

ಇದನ್ನೂ ನಿನ್ನ ತಿಪ್ಪೆ ಬರೆದಿಟ್ಟಿದೆ. ಮುಷ್ಕರದ ನಂತರದ ಕಸದಲ್ಲಿ ದೊಡ್ಡ ಪಾತ್ರೆಗಳು ಕಾಣೆ, ಡಬ್ಬಿಗಳು ಕಾಣೆ. ಅವುಗಳ ಜಾಗದಲ್ಲಿ ಗಾಜಿನ ಜಾಡಿಯ ಚೂರು, ಜಾಡಿಯ ಮುಚ್ಚಳ, ಮೊಲದ ಮೂಳೆ, ಕೋಳಿಯ ಮೂಳೆ. ಆ ಕಾಲದ ಮೇಸನ್ ಜಾಡಿಗಳ ಮೈಮೇಲೆ ‘1858 ನವೆಂಬರ್ 30’ ಎಂಬ ಪೇಟೆಂಟ್ ತಾರೀಖು ಉಬ್ಬಿಕೊಂಡಿರುತ್ತಿತ್ತು. ಗಾಜಿನ ಕಾರ್ಖಾನೆಗಳು ಆ ಅಚ್ಚನ್ನು ಎಷ್ಟೋ ದಶಕ ಬದಲಿಸಲಿಲ್ಲ, ಗೊತ್ತಿಲ್ಲದವರು ನೋಡಿದರೆ ಜಾಡಿಗೆ ಅರ್ಧ ಶತಮಾನ ಹೆಚ್ಚು ವಯಸ್ಸು ಕಟ್ಟುತ್ತಾರೆ. ನಮ್ಮಲ್ಲಿ ಮಿಡಿ ಉಪ್ಪಿನಕಾಯಿಗೆ ಭರಣಿ ಇದ್ದ ಹಾಗೆ ನಿಮಗೆ ಆ ಜಾಡಿ. ಬೇಸಿಗೆಯ ಹಣ್ಣು ತರಕಾರಿಯನ್ನು ಬಿಸಿನೀರಿನಲ್ಲಿ ಕುದಿಸಿ, ಗಾಳಿಯಾಡದಂತೆ ಮುಚ್ಚಿ, ಚಳಿಗಾಲಕ್ಕೆ ಸಾಲಾಗಿ ಜೋಡಿಸಿಡುವುದು.

ಜಾಡಿಗಳ ಸಾಲು, ಮೊಲದ ಗೂಡು, ಹಿತ್ತಲಲ್ಲಿ ಕೋಳಿ. ಇದನ್ನು ಓದಿದ ಇಂದಿನವರಿಗೆ ಏನೋ ಸೊಗಸಾದ ಸ್ವಾವಲಂಬನೆ ಕಾಣಿಸೀತು. ನನಗೆ ಕಾಣಿಸುವುದಿಲ್ಲ. ಮೊದಲು ಕೂಲಿಯ ಕೊರತೆಯನ್ನು ಹಣ ಗಳಿಸಿ ತುಂಬುತ್ತಿದ್ದೆ, ಆ ಹಣದ ನಾಲ್ಕು ಕಾಸು ನಿನ್ನ ಸೆರಗಿನ ಗಂಟಿಗೆ, ಅಂದರೆ ನಿಮ್ಮವರ ಏಪ್ರನ್ ಕಿಸೆಗೆ, ಬರುತ್ತಿತ್ತು. ಈಗ ಅದೇ ಕೊರತೆಯನ್ನು ಮೊಲ ಸಾಕಿ, ಜಾಡಿ ಕುದಿಸಿ ತುಂಬಿದೆ. ಮಕ್ಕಳನ್ನೂ ಆ ಕೆಲಸಕ್ಕೆ ಹಚ್ಚಿದೆ. ಕಿಸೆ ಖಾಲಿ. ಮನೆ ಮಾತ್ರ ನಡೆಯಿತು, ಗಣಿಯೂ ನಡೆಯಿತು. ಇದನ್ನು ಮಾರ್ಗರೆಟ್ ವುಡ್ ಲೆಕ್ಕ ಹಾಕಿ ತೋರಿಸುವವರೆಗೆ ಕಂಪನಿಯ ಯಾವ ಖಾತೆಯಲ್ಲೂ, ಯೂನಿಯನ್ನಿನ ಯಾವ ಕಡತದಲ್ಲೂ ಅದಕ್ಕೊಂದು ಸಾಲು ಇರಲಿಲ್ಲ.

ನಮ್ಮಜ್ಜಿಯ ಗೋಡೆಯ ಗೆರೆಗಳನ್ನು ಹೇಳಿದೆನಲ್ಲ. ಪ್ರತಿ ದೀಪಾವಳಿಗೆ ಸುಣ್ಣ ಬಳಿದಾಗ ಅವು ಅಳಿಯುತ್ತಿದ್ದವು. ಅವಳು ಎಷ್ಟು ಸಾವಿರ ರೊಟ್ಟಿ ಬಡಿದಳು ಎಂಬುದಕ್ಕೆ ಈಗ ದಾಖಲೆಯಿಲ್ಲ. ನಿನ್ನದು ಉಳಿಯಿತು, ಏಕೆಂದರೆ ನಿನ್ನ ಊರನ್ನು ಕಂಪನಿಯೇ ಮುಚ್ಚಿ ಹೋಯಿತು, ಮೇಲೆ ಯಾರೂ ಸುಣ್ಣ ಬಳಿಯಲಿಲ್ಲ.

ಲಡ್ಲೋದ ಸಮಾಚಾರ ಎರಡು ಮಾತಿನಲ್ಲಿ ಹೇಳುತ್ತೇನೆ. ಆ ಜಾಗವನ್ನು ಯೂನಿಯನ್ನು ಕೊಂಡು 1918ರಲ್ಲಿ ಕಲ್ಲಿನ ಸ್ಮಾರಕ ನಿಲ್ಲಿಸಿತು. ಗಣಿಗಾರ, ಅವನ ಪಕ್ಕ ಮಗುವನ್ನು ಹಿಡಿದ ಹೆಂಗಸು. ಅವಳ ಕೈಯಲ್ಲಿ ಸೌಟಿಲ್ಲ. 2003ರಲ್ಲಿ ಯಾರೋ ಬಂದು ಆ ಇಬ್ಬರ ತಲೆಗಳನ್ನು ಕತ್ತರಿಸಿ ಒಯ್ದರು. 2005ರಲ್ಲಿ ಸರಿಪಡಿಸಿದರು, 2009ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತುಗಳ ಪಟ್ಟಿಗೆ ಸೇರಿತು. ಹೆದ್ದಾರಿಯ ಫಲಕದಲ್ಲಿ ‘ಹತ್ಯಾಕಾಂಡ’ ಎಂಬ ಪದ ನೋಡಿ ಬರುವ ಪ್ರವಾಸಿಗರು ಬಹಳಷ್ಟು ಮಂದಿ ಅಲ್ಲಿ ಸತ್ತವರು ಮೂಲನಿವಾಸಿಗಳೆಂದೇ ತಿಳಿದು ಬರುತ್ತಿದ್ದರಂತೆ. ಅಗೆಯುತ್ತಿದ್ದವರು ಕರಣೆ ಕೆಳಗಿಟ್ಟು ಅವರಿಗೆ ತಿಳಿಸಿ ಹೇಳುತ್ತಿದ್ದರು. ಅಗೆತ ಶುರುವಾದ 1997ರಲ್ಲೇ ಪ್ಯೂಬ್ಲೋದ ಅದೇ ಉಕ್ಕಿನ ಕಾರ್ಖಾನೆಯಲ್ಲಿ ಹೊಸ ಮುಷ್ಕರ ನಡೆಯಿತು, ಬಲವಂತದ ಓವರ್‌ಟೈಮ್ ವಿರುದ್ಧ. ಎಂಟು ಗಂಟೆಯ ದಿನ ನಿಮ್ಮ ಬೇಡಿಕೆಯಾಗಿತ್ತು. ಈ ಸುದ್ದಿ ನಿನಗೆ ಆಶ್ಚರ್ಯ ತರಲಿಕ್ಕಿಲ್ಲ.

ಕೊನೆಗೆ ಒಂದು ಕೇಳುವುದಿದೆ. ಅಗೆದವರಿಗೆ ಪಾತ್ರೆಯ ಅಗಲ ಗೊತ್ತಾಯಿತು, ಡಬ್ಬಿಯ ಎಣಿಕೆ ಗೊತ್ತಾಯಿತು, ಮೂಳೆ ಮೊಲದ್ದೋ ಕೋಳಿಯದ್ದೋ ಗೊತ್ತಾಯಿತು. ಉಂಡವರ ಸರದಿ ಮಣ್ಣಿನಲ್ಲಿ ಉಳಿಯುವುದಿಲ್ಲ. ನಮ್ಮಜ್ಜಿ ಎಲ್ಲರೂ ಎದ್ದ ಮೇಲೆ, ಒಲೆಯ ಕಡೆ ಮುಖ ಮಾಡಿ, ಬುಟ್ಟಿಯ ಅಡಿಯ ಮುರುಕು ರೊಟ್ಟಿ ತಿನ್ನುತ್ತಿದ್ದಳು. ಮೊಲದ ಸಾರು ಮಾಡಿದ ದಿನ ನಿನ್ನ ಪಾಲಿಗೆ ಏನು ಬರುತ್ತಿತ್ತು, ಅಕ್ಕ? ತೊಡೆಯ ತುಂಡೋ, ಬರಿಯ ಕುತ್ತಿಗೆಯೋ? ಕೂತು ಉಂಡೆಯೋ, ನಿಂತೇ ಉಂಡೆಯೋ?

ಇಂತಿ,
ನಿನ್ನ ತಿಪ್ಪೆ ಓದಿದ,
ಖಾನಾವಳಿಯ ಮೊಮ್ಮಗಳು